ಅಪ್ಪರ್ ವೋಲ್ಟಾದ ಬಾಟಲಿ

ಔಷಧ ಸರಕಾರದ್ದು, ಬಾಟಲಿ ನಿಮ್ಮದು ಎನ್ನುವ ಕಾಲ ಅದು. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗಿನವರಿಗಾಗಿ ಹೇಳುತ್ತೇನೆ. ಕೆಮ್ಮೋ ಜ್ವರವೋ ಬಂದು ಸರಕಾರಿ ದವಾಖಾನೆಗೆ ಹೊರಟವರು ಮನೆಯಿಂದ ಒಂದು ಖಾಲಿ ಬಾಟಲಿ ತೊಳೆದುಕೊಂಡು ಹೋಗಬೇಕಿತ್ತು. ಕಂಪೌಂಡರರು ದೊಡ್ಡ ಗಾಜಿನ ಜಾಡಿಯಿಂದ ಕೆಂಪು ನೀರಿನಂಥ ಔಷಧವನ್ನು ಅದಕ್ಕೆ ಸುರಿದುಕೊಡುತ್ತಿದ್ದರು. ಬಾಟಲಿ ತರದವರು ಮನೆಗೆ ಹೋಗಿ ತರಬೇಕು. ಅದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನಿಸುತ್ತಿರಲಿಲ್ಲ. ನನಗಂತೂ ಅನಿಸಲು ಸಾಧ್ಯವೇ ಇರಲಿಲ್ಲ, ಯಾಕೆಂದರೆ ಆ ಕಂಪೌಂಡರರು ನಮ್ಮಪ್ಪ.

ನಮ್ಮ ಊರಿನ ಹೆಸರು ಬೇಡ ಬಿಡಿ. ಇಂಗಳೇಶ್ವರದ ಬಸ್ಸು ಬಸವನ ಬಾಗೇವಾಡಿಗೆ ಹೋಗುವಾಗ ಒಂದು ಬೇವಿನ ಮರದ ಕೆಳಗೆ ಅರೆಗಳಿಗೆ ನಿಂತು ಹೋಗುತ್ತಿತ್ತು. ಆ ಮರದಾಚೆಗಿನದೇ ನಮ್ಮೂರು. ಎರಡು ಕೋಣೆಯ ದವಾಖಾನೆ, ಅದಕ್ಕೆ ಹೊಂದಿಕೊಂಡು ನಮ್ಮ ಮನೆ. ಡಾಕ್ಟರು ವಾರಕ್ಕೆರಡು ದಿನ ಬರುತ್ತಿದ್ದರು. ಉಳಿದ ದಿನಗಳಲ್ಲಿ ಊರಿಗೆಲ್ಲ ಅಪ್ಪನೇ ಡಾಕ್ಟರು.

ಅಪ್ಪ ಶುದ್ಧ ಮನುಷ್ಯ. ನಮ್ಮ ಅಜ್ಜಿ ಅಡುಗೆಮನೆಯಲ್ಲಿ ಮಡಿ ಮಾಡುತ್ತಿದ್ದಂತೆ ಅಪ್ಪ ದವಾಖಾನೆಯಲ್ಲಿ ಮಾಡುತ್ತಿದ್ದ. ಎಣ್ಣೆಯ ಜಿಡ್ಡಿರುವ ಬಾಟಲಿಗೆ ಔಷಧ ಹಾಕಿದರೆ ಔಷಧ ಕೆಡುತ್ತದೆ, ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ಬಾಟಲಿಗೆ ಹಾಕಿದರೆ ಹೊಟ್ಟೆಯೇ ಕೆಡುತ್ತದೆ ಎಂಬುದು ಅವನ ಮಾತು, ಮತ್ತು ಅದು ನಿಜವೇ. ಹಾಗಾಗಿ ಪ್ರತಿ ಬಾಟಲಿಯನ್ನೂ ಮೂಸಿ ನೋಡಿಯೇ ಒಳಗೆ ಬಿಡಬೇಕು. ಆದರೆ ಅಪ್ಪನಿಗೆ ನಶ್ಯದ ಚಟ. ಡಬ್ಬಿಗಟ್ಟಲೆ ನಶ್ಯ ಏರಿಸಿ ಏರಿಸಿ ಅವನ ಮೂಗು ಎಂದೋ ಸತ್ತುಹೋಗಿತ್ತು. ಹಿಂಗು ಯಾವುದು ಕರ್ಪೂರ ಯಾವುದು ಎಂದು ತಿಳಿಯದ ಮನುಷ್ಯ ಚಿಮಣಿ ಎಣ್ಣೆಯನ್ನು ಹೇಗೆ ಹಿಡಿದಾನು? ಅದಕ್ಕೇ ರಜೆಯ ದಿನಗಳಲ್ಲಿ ಆ ಕೆಲಸ ನನ್ನ ಪಾಲಿಗೆ ಬಂದಿತ್ತು.

"ಸುಮೀ, ನಿನ್ನ ಮೂಗು ಭಾಳ ಚುರುಕದ. ನೋಡಿ ಹೇಳು," ಎನ್ನುತ್ತಿದ್ದ.

ಹನ್ನೊಂದು ಹನ್ನೆರಡು ವರ್ಷದ ಹುಡುಗಿಗೆ ಇದಕ್ಕಿಂತ ದೊಡ್ಡ ಪದವಿ ಯಾವುದು? ದವಾಖಾನೆಯ ಕಟ್ಟೆಯ ಮೇಲೆ ಕುಳಿತು ಬಾಟಲಿಯ ಬಾಯಿಯನ್ನು ಮೂಗಿಗೆ ಹಿಡಿಯುವುದು, ಕಣ್ಣು ಮುಚ್ಚುವುದು, ತೀರ್ಪು ಹೇಳುವುದು. "ಒಳಗ ಹೋಗ್ರಿ" ಇಲ್ಲವೇ "ತೊಳಕೊಂಡ ಬರ್ರಿ". ನಡುವೆ ಬಿಡುವಾದಾಗ ಡೋಸಿನ ಪಟ್ಟಿ ಕತ್ತರಿಸುತ್ತಿದ್ದೆ. ಬಿಳಿಯ ಕಾಗದದ ಉದ್ದನೆಯ ಪಟ್ಟಿಯನ್ನು ಮಡಿಚಿ ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ ಬಿಚ್ಚಿದರೆ ಒಂದರ ಕೆಳಗೊಂದು ಹಲ್ಲು ಮೂಡುತ್ತಿದ್ದವು. ಅದನ್ನು ಬಾಟಲಿಯ ಬೆನ್ನಿಗೆ ಅಂಟಿಸಿದರೆ ಒಂದು ಹಲ್ಲಿಗೆ ಒಂದು ಸಲದ ಔಷಧ. ಓದು ಬಾರದವರಿಗೂ ತಿಳಿಯುತ್ತಿತ್ತು. ಅಂಟಿನ ವಾಸನೆ, ಟಿಂಚರಿನ ವಾಸನೆ, ಜಾಡಿಯ ಆ ಸಿಹಿ-ಒಗರು ವಾಸನೆ ಕೂಡಿ ನನ್ನ ಬಾಲ್ಯಕ್ಕೆ ಒಂದು ವಾಸನೆ ಇದೆಯೆಂದರೆ ಅದೇ.

ನಾನು ಒಂಬತ್ತನೆಯ ಇಯತ್ತೆಗೆ ಬಂದ ವರ್ಷ ನಮ್ಮೂರಿನಿಂದ ಬಾಗೇವಾಡಿಯ ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗಿಯರು ಇಬ್ಬರೇ. ನಾನೊಬ್ಬಳು, ಕುರುಬರ ಓಣಿಯ ನೀಲವ್ವ ಇನ್ನೊಬ್ಬಳು. ಅವಳ ಅಪ್ಪ ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಕೃಷ್ಣಾ ನದಿಯ ದಂಡೆಯ ಕಡೆ ಹೋದರೆ ಮಳೆಗಾಲದ ಹೊತ್ತಿಗೇ ತಿರುಗಿ ಬರುವುದು. ಮನೆಯಲ್ಲಿ ಅವ್ವ ಮಾಳವ್ವ, ನೀಲವ್ವ, ಒಬ್ಬ ಸಣ್ಣ ತಮ್ಮ. ಹೈಸ್ಕೂಲಿಗೆ ಕಳಿಸುವಾಗ ಅವಳ ಅಪ್ಪ ಒಂದು ಕರಾರು ಹಾಕಿದ್ದ. ಅದನ್ನು ನೀಲವ್ವ ಬಸ್ಸಿನಲ್ಲಿ ನಗುನಗುತ್ತ ನನಗೆ ಹೇಳಿದ್ದಳು.

"ಅವ್ವ ಗಟ್ಟಿ ಇರೂತನಾ ನೀ ಸಾಲಿ ಕಲಿ, ಅವ್ವ ಹಾಸಿಗಿ ಹಿಡದ್ಲಂದ್ರ ಸಾಲಿ ಬಂದ್ ಅಂದಾನ ನಮ್ಮಪ್ಪ."

"ನಿಮ್ಮವ್ವ ಗಟ್ಟಿ ಇದ್ದಾಳಲ್ಲ?"

"ಇದ್ದಾಳ ಇದ್ದಾಳ. ಸ್ವಲ್ಪ ಕೆಮ್ಮತಾಳ," ಎಂದಳು.

ನೀಲವ್ವ ಗಣಿತದಲ್ಲಿ ನನಗಿಂತ ಮುಂದು. ಗಜಗದ ಆಟದಲ್ಲಂತೂ ಅವಳನ್ನು ಸೋಲಿಸಿದವರೇ ಇಲ್ಲ; ಐದೂ ಗಜಗ ಮೇಲೆ ತೂರಿ ಅಂಗೈ ಹಿಂದೆಮುಂದೆ ತಿರುಗಿಸುವಾಗ ಅವಳ ಕೈ ಕಾಣುತ್ತಲೇ ಇರಲಿಲ್ಲ. ಮಧ್ಯಾಹ್ನ ಶಾಲೆಯ ಹಿತ್ತಲಿನಲ್ಲಿ ಕುಳಿತು ಬುತ್ತಿ ಬಿಚ್ಚುತ್ತಿದ್ದೆವು. ಅವಳದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಒಮ್ಮೊಮ್ಮೆ ಬೆಣ್ಣೆ. ನನ್ನದು ತಣ್ಣಗಾದ ಚಪಾತಿ, ಬಟಾಟಿ ಪಲ್ಯ. ದಿನಾಲೂ ಅದಲುಬದಲು. ನಮ್ಮ ಮನೆಯಲ್ಲಿ ಕಂಡಕಂಡವರ ಮನೆಯದನ್ನು ತಿನ್ನಕೂಡದು ಎಂಬ ಕಟ್ಟಪ್ಪಣೆ ಇತ್ತು. ನಾನು ಬಾಯಿ ಒರೆಸಿಕೊಂಡು ಬಸ್ಸು ಹತ್ತುತ್ತಿದ್ದೆ. ಆ ಹಿಂಡಿಯ ಬೆಳ್ಳುಳ್ಳಿಯನ್ನು ಅವ್ವ ಒಮ್ಮೆಯೂ ಹಿಡಿಯಲಿಲ್ಲ. ನಮ್ಮ ಮನೆಯ ಮೂಗುಗಳ ಕತೆಯೇ ಹಾಗೆ.

ಭೂಗೋಳ ಕಲಿಸುತ್ತಿದ್ದ ಹಿರೇಮಠ ಸರ್ ಅವರಿಗೆ ರೇಡಿಯೋದ ಹುಚ್ಚು. ಜಗತ್ತಿನ ಯಾವ ಮೂಲೆಯಲ್ಲಿ ಯಾವ ಸಭೆ ನಡೆದರೂ ಮರುದಿನ ನಮ್ಮ ಕ್ಲಾಸಿನಲ್ಲಿ ಅದರ ವರದಿ. ಆ ವರ್ಷ ಗ್ಯಾದರಿಂಗಿನ ಮಾತು ಬಂದಾಗ ಅವರು ಒಂದು ಹೊಸ ಹೂಟ ಹೂಡಿದರು. ಗ್ಯಾದರಿಂಗೆಂದರೆ ಗೊತ್ತಲ್ಲ, ಶಾಲೆಯ ವರ್ಷದ ಹಬ್ಬ; ಪ್ರತಿ ಸಲ ಒಂದು ನಾಟಕ ಇರಲೇಬೇಕು.

"ಈ ಸಲ ನಾಟಕ ಬ್ಯಾಡ. ವಿಶ್ವಸಂಸ್ಥೆ ಮಾಡೂನು," ಎಂದರು ಸರ್.

ಹೆಡ್‌ಮಾಸ್ತರರು ಬಾಗಿಲಲ್ಲೇ ನಿಂತಿದ್ದರು. "ಅದರಾಗ ಹಾಡು ಅದಾವೇನ್ರಿ?" ಎಂದು ಕೇಳಿದರು.

"ಹಾಡಿಲ್ರಿ. ಮಾತೈತಿ."

"ಬರೇ ಮಾತು ಕೇಳಾಕ ಮಂದಿ ಬರ್ತಾರೇನ್ರಿ?"

"ಜಗತ್ತಿನ ಮಂದಿ ಬರ್ತಾರಂದ್ರ ಬಾಗೇವಾಡಿ ಮಂದಿ ಬರೂದಿಲ್ಲೇನ್ರಿ?" ಎಂದು ಸರ್ ಪಟ್ಟು ಹಿಡಿದರು.

ಹೀಗೆ ನಮ್ಮ ಶಾಲೆಯಲ್ಲಿ ವಿಶ್ವಸಂಸ್ಥೆ ಹುಟ್ಟಿತು. ಚರ್ಚೆಯ ವಿಷಯವನ್ನು ಸರ್ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಿಂದ ಬರೆದರು: "ಬಡ ದೇಶದ ರೋಗಿಗೂ ಶ್ರೀಮಂತ ದೇಶದ ರೋಗಿಗೂ ಒಂದೇ ಔಷಧ ಸಿಗುವುದು ಹೇಗೆ?" ಒಂದೊಂದು ದೇಶಕ್ಕೆ ಇಬ್ಬರು, ಒಬ್ಬ ಪ್ರತಿನಿಧಿ, ಒಬ್ಬ ಸಹ ಪ್ರತಿನಿಧಿ. ಚೀಟಿ ಎತ್ತಿದೆವು. ಬಟ್ಟೆ ಅಂಗಡಿಯ ಮಲ್ಲಿಕಾರ್ಜುನನಿಗೆ ಅಮೆರಿಕ ಬಂತು. ಅವನು ಅಲ್ಲೇ ನಡಿಗೆ ಬದಲಿಸಿದ. ನಾನೂ ನೀಲವ್ವನೂ ಎತ್ತಿದ ಚೀಟಿಯಲ್ಲಿ "ಅಪ್ಪರ್ ವೋಲ್ಟಾ" ಎಂದಿತ್ತು. ನಾವು ಅದನ್ನು ಊರೋ ಔಷಧವೋ ಎಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನಗೆ ಅಳುವೇ ಬಂತು. ಇಂಗ್ಲೆಂಡಾದರೂ ಬರಬಾರದಿತ್ತೇ?

ಸರ್ ನಕ್ಷೆಯ ಮೇಲೆ ಕೋಲಿಟ್ಟು ತೋರಿಸಿದರು. ಆಫ್ರಿಕದ ಪಡುವಣದಲ್ಲಿ, ಸಮುದ್ರ ಮುಟ್ಟದ ಸಣ್ಣ ದೇಶ. ಮಳೆ ಕಡಿಮೆ. ದನ, ಕುರಿ, ಆಡು ಸಾಕುತ್ತಾರೆ.

"ಏನ್ ಬೆಳೀತಾರ್ರಿ ಸರ?" ನೀಲವ್ವ ಕೇಳಿದಳು.

"ಜ್ವಾಳಾ, ಸಜ್ಜಿ."

"ಜ್ವಾಳಾ? ಕುರೀನೂ ಅದಾವು, ಜ್ವಾಳಾನೂ ಐತಿ, ಮಳಿ ಇಲ್ಲ. ಅಂದ್ರ ನಮ್ಮ ಬೀಗರ ಊರ ಆತಲ್ರಿ ಸರ!"

ಇಡೀ ಕ್ಲಾಸು ನಕ್ಕಿತು. ಅವಳು ಮಾತ್ರ ಅಂದಿನಿಂದ ಆ ದೇಶವನ್ನು ತನ್ನದೆಂದೇ ಹಿಡಿದಳು. ಬಸ್ಸಿನ ಕಿಟಕಿಯಿಂದ ಒಣಗಿದ ಹೊಲ ಕಂಡರೆ "ನೋಡು, ಅಪ್ಪರ್ ವೋಲ್ಟಾ" ಎನ್ನುತ್ತಿದ್ದಳು.

ಭಾಷಣ ನನ್ನದು. ಸರ್ ಹೇಳಿಕೊಟ್ಟ ದೊಡ್ಡ ದೊಡ್ಡ ಮಾತುಗಳನ್ನು ಎರಡು ಹಾಳೆಯಲ್ಲಿ ಬರೆದುಕೊಂಡಿದ್ದೆ. ಶ್ರೀಮಂತ ರಾಷ್ಟ್ರಗಳು ಹಡಗು ತುಂಬ ಔಷಧ ಕಳಿಸಬೇಕು, ನೆರೆಯ ದೇಶದ ಬಂದರಿನಿಂದ ಅದನ್ನು ರೈಲಿನಲ್ಲಿ ತರಬೇಕು, ಹಳ್ಳಿಹಳ್ಳಿಗೆ ದವಾಖಾನೆ ಆಗಬೇಕು. ಸಹ ಪ್ರತಿನಿಧಿಯ ಕೆಲಸ ಸುಲಭದ್ದು. ಕೊನೆಗೆ ಎದ್ದು ನಿಂತು "ನನ್ನ ದೇಶದ ಪರವಾಗಿ ಎಲ್ಲರಿಗೂ ವಂದನೆಗಳು" ಎಂದರೆ ಮುಗಿಯಿತು.

ಸಂಕ್ರಾಂತಿಗೆ ಇನ್ನೇನು ನಾಲ್ಕು ದಿನವಿತ್ತು. ಬುತ್ತಿ ಬಿಚ್ಚುವ ಹೊತ್ತಿಗೆ ನಾನು ಅವಳೆದುರು ಭಾಷಣ ಒಪ್ಪಿಸಿದೆ. ಅವಳು ಗಜಗಗಳನ್ನು ಮಣ್ಣಿನಲ್ಲಿ ಉರುಳಿಸುತ್ತ ಕೇಳಿದಳು. ಮುಗಿದ ಮೇಲೆ ಒಂದೇ ಮಾತು ಕೇಳಿದಳು.

"ಸುಮೀ, ಹಡಗ ತುಂಬ ಔಷಧ ಬಂತು ಅಂತ ತಿಳಿ. ಆ ಮಂದಿ ಬಾಟ್ಲಿ ಎಲ್ಲಿಂದ ತರ್ತಾರ?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಹುಚ್ಚಿ, ವಿಶ್ವಸಂಸ್ಥ್ಯಾಗ ಬಾಟ್ಲಿ ಮಾತು ಯಾರರ ಆಡ್ತಾರೇನು?"

ಅವಳು ನಗಲಿಲ್ಲ. ಸಿಟ್ಟೂ ಮಾಡಲಿಲ್ಲ. ಗಜಗಗಳನ್ನು ಒಂದೊಂದಾಗಿ ಎತ್ತಿ ಲಂಗದ ಮಡಿಲಿಗೆ ಹಾಕಿಕೊಂಡಳು.

"ನಮ್ಮವ್ವ ಮೂರು ಸಲ ದವಾಖಾನಿಗೆ ಬಂದಾಳ. ದಸರಾ ರಜಾದಾಗ ಎರಡು ಸಲ, ದೀಪಾವಳಿಗಿ ಒಂದು ಸಲ. ಮೂರೂ ಸಲ ನೀನ ಮೂಸಿ ನೋಡಿದಿ."

ನನಗೆ ನೆನಪಾಯಿತು. ಬಾಯಂಚು ಒಡೆದ ಹಸಿರು ಬಾಟಲಿ. "ಮಾಳಕ್ಕಾ, ಚಿಮಣಿ ಎಣ್ಣಿ ವಾಸನಿ ಬರ್ಲಿಕ್ಕತ್ತದ, ತೊಳಕೊಂಡ ಬರ್ರಿ" ಎಂದದ್ದು ನೆನಪಾಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವಳು ಮೆಟ್ಟಿಲು ಇಳಿದದ್ದೂ ನೆನಪಾಯಿತು. ನೀಲವ್ವನ ಅವ್ವ ಎಂದು ಗೊತ್ತಿತ್ತು. ಗೊತ್ತಿದ್ದೂ ನನಗೆ ಏನೂ ಅನಿಸಿರಲಿಲ್ಲ.

"ಬೂದಿ ಹಾಕಿ ತೊಳದ್ವಿ, ಹುಣಸೀಹಣ್ಣು ಹಾಕಿ ತೊಳದ್ವಿ. ಹೋಗವಲ್ದು ವಾಸನಿ. ನಮ್ಮ ಮನ್ಯಾಗ ಇರೂದು ಅದೊಂದ ಬಾಟ್ಲಿ. ಚಿಮಣಿಗಿ ಎಣ್ಣಿ ಅದರಾಗ ತರಬೇಕು."

"ಬಾಜೂ ಮನ್ಯಾಗ ಇಸ್ಕೋಬೇಕಿತ್ತಿಲ್ಲ?"

"ಕೆಮ್ಮಿನ ಮನಿಗಿ ಯಾರ ಕೊಡ್ತಾರ?" ಎಂದಳು.

ಎಷ್ಟೋ ತಿಂಗಳಿಂದ ದಿನಾಲೂ ಪಕ್ಕದಲ್ಲಿ ಕುಳಿತು ಬಸ್ಸಿನಲ್ಲಿ ಹೋಗುವ ಗೆಳತಿ ಈ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ. ಅವತ್ತೇ ಮನೆಗೆ ಹೋಗಿ ಅಪ್ಪನಿಗೆ ಹೇಳಬಹುದಿತ್ತು. ಗೋಡೆಯ ಮಾಡದಲ್ಲಿ ಅವ್ವ ಇಟ್ಟಿದ್ದ ತಲೆಗೆಣ್ಣೆಯ ಖಾಲಿ ಬಾಟಲಿಗಳಲ್ಲಿ ಒಂದನ್ನು ಬಿಸಿನೀರಲ್ಲಿ ತೊಳೆದು ಒಯ್ಯಬಹುದಿತ್ತು. ನಾನು ಎರಡನ್ನೂ ಮಾಡಲಿಲ್ಲ. ಅಪ್ಪನ ಪದ್ಧತಿಗೆ ಎದುರಾಡಿದಂತಾಗುತ್ತದೆ ಎಂಬ ಅಂಜಿಕೆ ಒಂದು. ಗ್ಯಾದರಿಂಗು ಮುಗಿಯಲಿ, ಆಮೇಲೆ ನೋಡಿದರಾಯಿತು ಎಂದುಕೊಂಡದ್ದು ಇನ್ನೊಂದು. ಜಗತ್ತಿನ ರೋಗಿಗಳ ಬಗ್ಗೆ ಎರಡು ಹಾಳೆ ಬಾಯಿಪಾಠ ಮಾಡುವುದಿತ್ತು ನೋಡಿ. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ನನಗೆ ನಾಚಿಕೆಯಾಗುತ್ತದೆ.

ಗ್ಯಾದರಿಂಗಿನ ದಿನ ಶಾಲೆಯ ಅಂಗಳದಲ್ಲಿ ತಾಡಪತ್ರಿಯ ಕೆಳಗೆ ಜಗತ್ತು ನೆರೆಯಿತು. ಬೆಂಚುಗಳನ್ನು ಅರ್ಧಚಂದ್ರವಾಗಿ ಇಟ್ಟಿದ್ದರು. ಮುಂದೆ ರಟ್ಟಿನ ಮೇಲೆ ದೇಶದ ಹೆಸರು. ಅಮೆರಿಕದ ಮಲ್ಲಿಕಾರ್ಜುನ ತನ್ನ ಕಾಕಾನ ಮದುವೆಯ ಕೋಟು ಹಾಕಿಕೊಂಡು ಬಂದಿದ್ದ. ತೋಳಿನಿಂದ ಬೆರಳ ತುದಿ ಮಾತ್ರ ಹೊರಗೆ ಕಾಣುತ್ತಿತ್ತು. ನಾನು ಅವ್ವನ ಇಳಕಲ್ಲ ಸೀರೆ ಉಟ್ಟಿದ್ದೆ. ನೀಲವ್ವ ಹೆಗಲ ಮೇಲೆ ಅವಳಪ್ಪನ ಕರಿಯ ಕಂಬಳಿ ಹೊದ್ದು ಬಂದಿದ್ದಳು. "ಅಪ್ಪರ್ ವೋಲ್ಟಾದಾಗ ಹಿಂಗ ಹೊದೀತಾರೇನು?" ಎಂದು ಯಾರೋ ಕೇಳಿದ್ದಕ್ಕೆ "ಕುರಿ ಅದಾವಂದ್ರ ಕಂಬಳಿ ಇರಂಗಿಲ್ಲೇನು?" ಎಂದು ಬಾಯಿ ಮುಚ್ಚಿಸಿದಳು.

ಮುಖ್ಯ ಅತಿಥಿಯಾಗಿ ಬರಬೇಕಿದ್ದ ಡಾಕ್ಟರು ಏನೋ ಕೆಲಸ ಬಂದು ಬಿಜಾಪುರಕ್ಕೆ ಹೋಗಿಬಿಟ್ಟಿದ್ದರು. ಹಿರೇಮಠ ಸರ್ ಮಂದಿಯ ನಡುವೆ ಕಣ್ಣಾಡಿಸಿದರು. ಮಗಳ ಭಾಷಣ ಕೇಳಲೆಂದು ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಮ್ಮಪ್ಪ ಕಣ್ಣಿಗೆ ಬಿದ್ದ. ಬೇಡ ಬೇಡ ಎಂದರೂ ಬಿಡದೆ ಮೇಲೆ ಕರೆದು ಕುರ್ಚಿ ಹಾಕಿ ಹಾರ ಹಾಕಿದರು. "ಆರೋಗ್ಯ ಖಾತೆಯ ಪರವಾಗಿ ಕಂಪೌಂಡರ ಸಾಹೇಬರು" ಎಂದು ಕೂಗಿ ಹೇಳಿದರು. ಅಪ್ಪ ಅಷ್ಟು ಸಂತೋಷದಿಂದ ಕುಳಿತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ನನ್ನ ಸರದಿ ಬಂತು. ಎರಡೂ ಹಾಳೆಯನ್ನು ತಡೆಯಿಲ್ಲದೆ ಒಪ್ಪಿಸಿದೆ. ಚಪ್ಪಾಳೆ ಬಿತ್ತು. ಅಪ್ಪ ಪಕ್ಕದಲ್ಲಿದ್ದ ಹೆಡ್‌ಮಾಸ್ತರರ ಕಡೆ ವಾಲಿ ಏನೋ ಹೇಳಿ ನಕ್ಕ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಹಿರೇಮಠ ಸರ್ ರೂಢಿಯಂತೆ ಕೇಳಿದರು.

"ಸಹ ಪ್ರತಿನಿಧಿ ಏನರ ಹೇಳೂದೈತೇನು?"

ನೀಲವ್ವ ಎದ್ದಳು. ಕಂಬಳಿಯನ್ನು ಸರಿ ಮಾಡಿಕೊಂಡಳು. ವಂದನೆ ಹೇಳುತ್ತಾಳೆಂದು ನಾನು ಕಾಯ್ದೆ.

"ಐತ್ರಿ ಸರ. ಹಡಗಿನ್ಯಾಗ ಔಷಧ ಕಳಸ್ತೇವಿ ಅಂತ ಎಲ್ಲಾ ದೇಶದವ್ರೂ ಅಂದ್ರಿ. ಭಾಳ ಚಲೋ ಆತ್ರಿ. ನಮ್ಮ ದೇಶದಾಗ ಬಾಟ್ಲಿ ಇಲ್ದವ್ರು ಅದಾರ್ರಿ. ಅವರು ಔಷಧ ಎದರಾಗ ಹಾಕಿಸ್ಕೊಳ್ಳೂದು?"

ಮೊದಲು ನಕ್ಕದ್ದು ಅಮೆರಿಕ. ಆಮೇಲೆ ಇಡೀ ಅಂಗಳ ನಕ್ಕಿತು. ನೀಲವ್ವ ನಗು ನಿಲ್ಲುವವರೆಗೆ ಸುಮ್ಮನೆ ನಿಂತಳು.

"ನಗಬ್ಯಾಡ್ರಿ. ಬಾಟ್ಲಿ ಇಲ್ಲಂತ ವಾಪಸ್ ಕಳಿಸಿದವ್ರನ್ನ ನಾ ನೋಡೇನಿ."

"ಸುಳ್ಳು!" ಎಂದ ಮಲ್ಲಿಕಾರ್ಜುನ, ಕೋಟಿನ ತೋಳು ಹಿಂದೆ ಸರಿಸುತ್ತ. "ಬಾಟ್ಲಿ ಇಲ್ಲದ ಮನಿ ಇರ್ತಾವೇನು? ಯಾವ ದವಾಖಾನ್ಯಾಗ ಕಳಿಸ್ಯಾರ? ಯಾರು ಕಳಿಸ್ಯಾರ? ಹೆಸರು ಹೇಳಲಿ."

ನೀಲವ್ವ ವೇದಿಕೆಯ ಕಡೆ ನೋಡಿದಳು. ಹಾರ ಹಾಕಿಕೊಂಡ ನಮ್ಮಪ್ಪ ಅಲ್ಲಿ ನಗುತ್ತಲೇ ಕುಳಿತಿದ್ದ. ಆಮೇಲೆ ನನ್ನ ಕಡೆ ನೋಡಿದಳು. ಒಂದು ಹೆಸರು ಹೇಳಿದ್ದರೆ ಅವಳ ಮಾತು ಗೆಲ್ಲುತ್ತಿತ್ತು.

"ಅಪ್ಪರ್ ವೋಲ್ಟಾದಾಗ," ಎಂದು ಕುಳಿತುಬಿಟ್ಟಳು.

ಮತ್ತೆ ನಗು. ಆ ನಗುವಿನ ನಡುವೆ ನಾನು ಹೇಗೆ ಎದ್ದೆನೋ ತಿಳಿಯದು. ಧೈರ್ಯವಲ್ಲ ಅದು. ನನ್ನ ಅಪ್ಪನ ಮಾನ ಉಳಿಸಲು ಅವಳು ತನ್ನ ಮಾತನ್ನೇ ಬಿಟ್ಟುಕೊಟ್ಟದ್ದು ನನಗೆ ತಡೆಯಲಾಗಲಿಲ್ಲ, ಅಷ್ಟೇ.

"ಕಳಿಸಿದಾಕಿ ನಾನು," ಎಂದೆ. "ನಮ್ಮೂರ ದವಾಖಾನ್ಯಾಗ ಬಾಟ್ಲಿ ಮೂಸಿ ನೋಡಾಕಿ ನಾನು. ಇವರವ್ವನ್ನ ಮೂರು ಸಲ ವಾಪಸ್ ಕಳಿಸೇನಿ."

ಅಪ್ಪ ನಶ್ಯದ ಡಬ್ಬಿಯ ಮುಚ್ಚಳ ತೆರೆದವನು ಹಾಗೆಯೇ ಕುಳಿತ. ಹಿರೇಮಠ ಸರ್ ಅವರು ಮಾತನ್ನು ಬೇರೆ ಕಡೆ ತಿರುಗಿಸಬಹುದಿತ್ತು; ತಿರುಗಿಸಲಿಲ್ಲ. ಸೀಮೆಸುಣ್ಣ ಎತ್ತಿಕೊಂಡು ಬೋರ್ಡಿನ ಮೇಲೆ ಬರೆದರು: "ಬಾಟಲಿ ಇಲ್ಲವೆಂದು ಯಾವ ದೇಶದಲ್ಲೂ ಯಾವ ರೋಗಿಯೂ ವಾಪಸ್ ಹೋಗಬಾರದು." ಆಮೇಲೆ ಮಹಾಕಾರ್ಯದರ್ಶಿಯ ದನಿಯಲ್ಲಿ, "ಒಪ್ಪಿಗಿ ಇದ್ದವ್ರು ಕೈ ಎತ್ರಿ" ಎಂದರು. ರಶಿಯಾ ಎರಡೂ ಕೈ ಎತ್ತಿತು. ಅಮೆರಿಕದ ತೋಳಿನಿಂದ ಬೆರಳ ತುದಿ ಮೇಲೆ ಬಂತು. ಯಾವ ದೇಶವೂ ಅಲ್ಲದ ಹೆಡ್‌ಮಾಸ್ತರರೂ ಕೈ ಎತ್ತಿದರು. ಆಮೇಲೆ ಎಲ್ಲರಿಗೂ ಚುರಮರಿ, ಬೆಲ್ಲದ ಉಂಡೆ ಹಂಚಿದರು. ನನ್ನ ಪಾಲಿನದನ್ನು ನಾನು ಸೆರಗಿನಲ್ಲಿ ಕಟ್ಟಿಕೊಂಡೆ.

ಸಂಜೆಯ ಬಸ್ಸಿನಲ್ಲಿ ನೀಲವ್ವ ಹಿಂದೆ ಕುಳಿತು ಕಂಬಳಿಯಲ್ಲೇ ನಿದ್ದೆ ಹೋದಳು. ನಾನು ಅಪ್ಪನ ಪಕ್ಕ. ಹಾರ ಅವನ ಮಡಿಲಲ್ಲಿತ್ತು. ಬೈಗುಳಕ್ಕೆ ಕಾಯುತ್ತಿದ್ದೆ. ಅರ್ಧ ದಾರಿಯವರೆಗೆ ಅವನು ಜೋಳದ ಹೊಲಗಳನ್ನೇ ನೋಡುತ್ತ ಕುಳಿತ.

"ಮಾಳವ್ವಗ ಯಾವ ಕೆಮ್ಮದು? ಒಣ ಕೆಮ್ಮೋ, ಕಫದ ಕೆಮ್ಮೋ?" ಎಂದು ಕಡೆಗೆ ಕೇಳಿದ.

"ಗೊತ್ತಿಲ್ಲಪಾ."

"ಎಷ್ಟ ದಿನದ್ದು?"

"ಗೊತ್ತಿಲ್ಲ."

"ನನಗೂ ಗೊತ್ತಿಲ್ಲ ನೋಡು," ಎಂದ. ಆಮೇಲೆ ತನಗೆ ತಾನೇ ಹೇಳಿಕೊಂಡಂತೆ, "ಬಾಟ್ಲಿ ಮೂಸಿ ನೋಡಿದ್ವಿ, ಕೆಮ್ಮು ಕೇಳಲಿಲ್ಲ" ಎಂದ.

ಮರುದಿನ ಬೆಳಗ್ಗೆ ಅಪ್ಪ ಅವ್ವನ ಮಾಡದಿಂದ ಬಾಟಲಿಗಳನ್ನೆಲ್ಲ ಇಳಿಸಿ ಬಚ್ಚಲ ಹಂಡೆಯಲ್ಲಿ ಸೋಡಾ ಹಾಕಿ ಕುದಿಸಿದ. ಒಂದಕ್ಕೆ ಔಷಧ ತುಂಬಿ ನನ್ನ ಕೈಗೆ ಕೊಟ್ಟ. "ಹಿಡ್ಕೊ. ವಾಪಸ್ ಕಳಿಸಿದಾಕಿ ನೀನಲ್ಲ? ನೀನ ಒಯ್ದು ಕೊಡು. ನಾನೂ ಬರ್ತೇನಿ, ಕಳಿಸ್ಲಿಕ್ಕೆ ಹಚ್ಚಿದಾಂವ ನಾನು." ಅವನು ಕುರುಬರ ಓಣಿಗೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾಳವ್ವ ಗಡಬಡಿಸಿ ಎದ್ದು ಕಂಬಳಿ ಹಾಸಿದಳು. "ಯಪ್ಪಾ, ನೀವ್ಯಾಕ ಬರಾಕ ಹೋದ್ರಿ, ಬಾಟ್ಲಿ ತೊಳದು ನಾನ ಬರ್ತಿದ್ನಲ್ರಿ," ಎನ್ನುವಷ್ಟರಲ್ಲಿ ಕೆಮ್ಮು ಬಂತು. ಅಪ್ಪ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿ ಆ ಕೆಮ್ಮು ಮುಗಿಯುವವರೆಗೆ ನಿಂತು ಕೇಳಿದ. ಅವಳು ಬಾಯಿ ಒರೆಸಿಕೊಂಡ ಸೆರಗಿನ ತುದಿಯಲ್ಲಿದ್ದ ರಕ್ತದ ಕಲೆ ನೋಡಿದ. ಅವನ ಮುಖ ಇಳಿದುಹೋಯಿತು.

"ಮಾಳವ್ವಾ, ಇದಕ್ಕ ನನ್ನ ಕೆಂಪು ನೀರು ಸಾಲೂದಿಲ್ಲ. ಬಿಜಾಪುರದ ದೊಡ್ಡ ದವಾಖಾನಿಗೆ ಹೋಗಬೇಕು. ಎದೀ ಫೋಟೋ ತಗೀಬೇಕು. ನಾಳೆ ನಾನ ಕರಕೊಂಡ ಹೋಗ್ತೇನಿ."

ಹೊರಗೆ ಬಂದ ಮೇಲೆ ನಾನು ಕೇಳಿದೆ. "ದಸರಾದಾಗ ನೋಡಿದ್ರ ಇಷ್ಟ ಬೆಳೀತಿತ್ತೇನಪಾ?"

ಅಪ್ಪ ಜೇಬಿನಿಂದ ನಶ್ಯದ ಡಬ್ಬಿ ತೆಗೆದ. ಅಂದಿನಿಂದ ಅವನು ನಶ್ಯ ಬಿಟ್ಟ ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಬಿಡಲಿಲ್ಲ. ಆದರೆ ಅಂದಿನಿಂದ ದವಾಖಾನೆಯ ಕಿಟಕಿಯಲ್ಲಿ ಕುದಿಸಿದ ಬಾಟಲಿಗಳ ಸಾಲು ನಿಂತಿತು. ನಾನು ಪಟ್ಟಿ ಕತ್ತರಿಸುವುದನ್ನು ಮುಂದುವರಿಸಿದೆ. ಮೂಸುವುದನ್ನು ನಿಲ್ಲಿಸಿದೆ. ಒಯ್ದವರಲ್ಲಿ ಎಷ್ಟೋ ಜನ ಬಾಟಲಿ ತಿರುಗಿ ಕೊಡುತ್ತಿರಲಿಲ್ಲ. ಅಪ್ಪ ಗೊಣಗುತ್ತಲೇ ಇನ್ನಷ್ಟು ಕುದಿಸುತ್ತಿದ್ದ.

ಮಾಳವ್ವ ಉಳಿದಳು. ಆದರೆ ಬಿಜಾಪುರದ ದವಾಖಾನೆಯಲ್ಲಿ ತಿಂಗಳುಗಟ್ಟಲೆ ಇರಬೇಕಾಯಿತು. ಬಂದ ಮೇಲೂ ಭಾರ ಎತ್ತಬಾರದು, ಬಿಸಿಲಿಗೆ ಹೋಗಬಾರದು ಎಂದರು. ನೀಲವ್ವನ ಅಪ್ಪನ ಕರಾರು ಕರಾರೇ. ಅವ್ವ ಬಿಜಾಪುರಕ್ಕೆ ಹೋದ ವಾರವೇ ನೀಲವ್ವನ ಶಾಲೆ ನಿಂತಿತು. ಮರುವರ್ಷ ಸುಗ್ಗಿ ಮುಗಿಯುತ್ತಲೇ ಅವರ ಮನೆಯವರೆಲ್ಲ ಕುರಿಯೊಂದಿಗೆ ಹೊರಟರು. ಹೋಗುವ ದಿನ ಬೆಳಗ್ಗೆ ಅವಳು ಬೇವಿನ ಮರದ ಕೆಳಗೆ ಬಂದಳು. ಕಂಬಳಿಯ ಒಳಗಿಂದ ಒಂದು ಬಾಟಲಿ ತೆಗೆದು ಕೊಟ್ಟಳು. ಅಪ್ಪ ಅವತ್ತು ಕೊಟ್ಟದ್ದೇ. ನಾನು ಕತ್ತರಿಸಿದ ಪಟ್ಟಿ ಹರಿಯದಂತೆ ಸುತ್ತಲೂ ತೊಳೆದಿದ್ದಳು.

"ಮತ್ತ ಯಾರಿಗರ ಬೇಕಾಕ್ಕೈತಿ, ಇಟ್ಕೊ. ಮೂಸಿ ನೋಡು, ವಾಸನಿ ಇಲ್ಲ," ಎಂದು ನಕ್ಕಳು.

"ಹೊರಗಿನಿಂದ ಕಟ್ಟಿ ಪರೀಕ್ಷೆಗರ ಬಾ ನೀಲಾ. ನಾ ಎಲ್ಲಾ ಬರದು ಕೊಡ್ತೇನಿ."

"ನೀ ಪ್ರತಿನಿಧಿ ಅದೀಯಲ್ಲ, ನನ್ನ ಪರವಾಗಿ ನೀನ ಬರಿ," ಎಂದಳು. ಬಸ್ಸು ಬಂತು. ನಾನು ಹತ್ತಿದೆ. ಆಮೇಲೆ ಅವಳನ್ನು ಮುದ್ದೇಬಿಹಾಳದ ಕಡೆ ಯಾವುದೋ ಊರಿಗೆ ಕೊಟ್ಟರೆಂದು ಕೇಳಿದೆ. ನಾನು ಮತ್ತೆ ಅವಳನ್ನು ನೋಡಲಿಲ್ಲ.

ಈಗ ಅಪ್ಪ ಇಲ್ಲ. ಔಷಧ ತನ್ನ ಬಾಟಲಿಯೊಳಗೇ ಹುಟ್ಟಿ ಬರುತ್ತದೆ. ನಾನು ವಿಜಯಪುರದಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊನ್ನೆ ಮೊಮ್ಮಗಳ ಶಾಲೆಯಲ್ಲೂ ವಿಶ್ವಸಂಸ್ಥೆಯ ಸಭೆ ಇತ್ತು. ವಿಷಯ ಹೆಚ್ಚುಕಡಿಮೆ ನಮ್ಮದೇ: ಬಡವರ ದೇಶಗಳಿಗೆ ಔಷಧ ಮುಟ್ಟಿಸುವುದು ಹೇಗೆ. ಅವಳಿಗೆ ಬಂದದ್ದೂ ಆಫ್ರಿಕದ್ದೇ ಒಂದು ದೇಶ. ನಾನು ನಮ್ಮ ಅಪ್ಪರ್ ವೋಲ್ಟಾದ ಸುದ್ದಿ ಎತ್ತಿದೆ. ಅವಳು ಫೋನಿನಲ್ಲಿ ನಕ್ಷೆ ತೆಗೆದು ನೋಡಿ, "ಅಜ್ಜಿ, ಆ ಹೆಸರಿನ ದೇಶ ಈಗ ಇಲ್ಲ, ಹೆಸರು ಬದಲಾಗಿದೆ" ಎಂದಳು. ಆಮೇಲೆ ತಾನು ಮಾಡಿದ ಭಾಷಣ ತೋರಿಸಿದಳು. ಬಣ್ಣಬಣ್ಣದ ಗ್ರಾಫುಗಳಿಲ್ಲದೆ ಒಂದು ಪುಟವೂ ಇರಲಿಲ್ಲ. ನಾನು ಬರೆದದ್ದಕ್ಕಿಂತ ನೂರು ಪಾಲು ಚೆನ್ನಾಗಿತ್ತು.

"ನಿನ್ನ ಸಹ ಪ್ರತಿನಿಧಿ ಯಾರವ್ವಾ?" ಎಂದು ಕೇಳಿದೆ.

"ಅನನ್ಯಾ. ನಮ್ಮ ಮೇಲಿನ ಮನೆಯವಳು. ಅವರಪ್ಪನೂ ನಮ್ಮಪ್ಪನ ಹಾಗೆ ಡಾಕ್ಟರು."

"ನಿಮ್ಮ ಕ್ಲಾಸಿನಲ್ಲಿ ಕುರಿ ಕಾಯುವವರ ಮನೆಯಿಂದ ಬರುವವರು ಯಾರೂ ಇಲ್ಲವೇ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ನಮ್ಮ ಸ್ಕೂಲಿಗೆ ಅವರ್ಯಾಕೆ ಬರ್ತಾರೆ ಅಜ್ಜಿ?" ಎಂದಳು. ಮಗುವಿನ ತಪ್ಪಲ್ಲ. ಅವರು ಬರುವ ಶಾಲೆ ಬೇರೆ, ಇವಳು ಹೋಗುವ ಶಾಲೆ ಬೇರೆ, ಇವಳ ಬಸ್ಸೂ ಬೇರೆ. ನಾವಿಬ್ಬರೂ ರೊಟ್ಟಿ ಅದಲುಬದಲು ಮಾಡಿಕೊಂಡ ಆ ಹಿತ್ತಲನ್ನು ಇವಳಿಗೆ ನಾನು ಎಲ್ಲಿಂದ ತಂದುಕೊಡಲಿ?

ಭಾಷಣ ಓದಿ ತೋರಿಸುತ್ತೇನೆಂದು ಮೊಮ್ಮಗಳು ಎದುರು ನಿಂತಳು. ನಾನು ಎದ್ದು ಕಪಾಟಿನಿಂದ ಬಾಟಲಿ ತಂದು ಅವಳ ಮೇಜಿನ ಮೇಲೆ ಇಟ್ಟೆ. ಬೆನ್ನಿನ ಮೇಲಿನ ಕಾಗದದ ಪಟ್ಟಿ ಹಳದಿಯಾಗಿದೆ, ಹಲ್ಲುಗಳು ಮಾತ್ರ ಇನ್ನೂ ಎಣಿಸಲು ಸಿಗುತ್ತವೆ.

"ಇದೇನಜ್ಜಿ?"

"ನನ್ನ ಸಹ ಪ್ರತಿನಿಧಿ ಕೊಟ್ಟದ್ದು. ನೀನು ಓದು, ಅವಳೂ ಕೇಳಲಿ," ಎಂದೆ.